ಮುಟ್ಟು ತಪ್ಪಿದ ದಿನದಿಂದ ಹನ್ನೆರಡನೇ ವಾರದವರೆಗೆ: ಬಸುರಿನ ಮೊದಲ ವಾರಗಳಿಗೊಂದು ಸಮಗ್ರ ಮಾರ್ಗದರ್ಶಿ

"ಮೂರು ತಿಂಗಳು ತುಂಬುವ ತನಕ ಯಾರ ಹತ್ತಿರವೂ ಬಾಯಿ ಬಿಡಬೇಡ" ಎನ್ನುವ ಮಾತು ನಮ್ಮ ಬಹಳಷ್ಟು ಮನೆಗಳಲ್ಲಿ ಈಗಲೂ ಇದೆ. ನೆಂಟರಿಷ್ಟರಿಗೆ, ಅಕ್ಕಪಕ್ಕದವರಿಗೆ ಹೇಳುವುದೋ ಬಿಡುವುದೋ ನಿಮ್ಮಿಷ್ಟ. ಆದರೆ ಈ ಗುಟ್ಟನ್ನು ಡಾಕ್ಟರಿಂದಲೂ ಆಶಾ ಕಾರ್ಯಕರ್ತೆಯಿಂದಲೂ ಮುಚ್ಚಿಟ್ಟರೆ ಅದರಿಂದ ನಷ್ಟವೇ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ 6ನೇ ವಾರದ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ಹೃದಯ ಬಡಿಯಲು ಶುರುವಾಗುವುದೂ ಆಗಲೇ. ಕೈಕಾಲು, ಕಣ್ಣು, ಕಿವಿ, ಮೂತ್ರಪಿಂಡಗಳ ಮೂಲ ರಚನೆ 10ನೇ ವಾರದೊಳಗೆ ಆಗಿರುತ್ತದೆ. ಹೊಟ್ಟೆ ಕಾಣುವ ಮೊದಲೇ, ಊರಿಗೆ ಸುಳಿವು ಸಿಗುವ ಮೊದಲೇ ಇಷ್ಟೆಲ್ಲ ನಡೆದುಹೋಗುತ್ತದೆ. ಆ ವಾರಗಳಲ್ಲಿ ಯಾವುದು ನಿಜಕ್ಕೂ ಮುಖ್ಯ, ಯಾವುದಕ್ಕೆ ಸುಮ್ಮನೆ ಹೆದರುತ್ತೇವೆ ಎಂಬುದನ್ನು ಬೇರೆ ಬೇರೆ ಮಾಡಿ ತಿಳಿಸುವುದೇ ಈ ಬರಹದ ಕೆಲಸ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ

ಬಸುರಿನ ವಾರಗಳನ್ನು ಎಣಿಸುವುದು ಗಂಡ ಹೆಂಡತಿ ಸೇರಿದ ದಿನದಿಂದಲೂ ಅಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ಕೊನೆಯ ಸಲ ಮುಟ್ಟಾದಾಗಿನ ಮೊದಲನೇ ದಿನದಿಂದ. ಮನೆಯ ಹಿರಿಯರ "ಎರಡು ತಿಂಗಳು" ಮತ್ತು ಡಾಕ್ಟರ "8 ವಾರ" ಹಲವು ಸಲ ತಾಳೆಯಾಗದಿರುವುದು ಇದೇ ಕಾರಣಕ್ಕೆ. ಹಾಗಾಗಿ ಮೊದಲೆರಡು ವಾರ ನೀವು ಗರ್ಭಿಣಿಯೇ ಆಗಿರುವುದಿಲ್ಲ, ಆದರೂ ಅವು ಲೆಕ್ಕಕ್ಕೆ ಸೇರುತ್ತವೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಕೊನೆಯ ಮುಟ್ಟಿನ ಮೊದಲ ದಿನ ಜೂನ್ 10 ಎಂದಿಟ್ಟುಕೊಳ್ಳಿ. ಅದಕ್ಕೆ 7 ದಿನ ಕೂಡಿಸಿ, 3 ತಿಂಗಳು ಹಿಂದಕ್ಕೆ ಎಣಿಸಿ, ಮುಂದಿನ ವರ್ಷಕ್ಕೆ ಹೋಗಿ: ಹೆರಿಗೆಯ ಅಂದಾಜು ದಿನ ಮಾರ್ಚ್ 17. ಒಟ್ಟು 280 ದಿನ, ಅಂದರೆ 40 ವಾರ. 28 ದಿನಕ್ಕೊಮ್ಮೆ ಮುಟ್ಟಾಗುವವರು ಜುಲೈ 8ಕ್ಕೆ ಮುಟ್ಟಾಗಬೇಕಿತ್ತು. ಆಗಲಿಲ್ಲ ಎಂದು ಗಮನಕ್ಕೆ ಬರುವ ದಿನಕ್ಕೇ 4 ವಾರ ಮುಗಿದಿರುತ್ತದೆ. ನರಕೊಳವೆ ಮುಚ್ಚುವ 6ನೇ ವಾರ ತುಂಬುವುದು ಜುಲೈ 22ಕ್ಕೆ. ನಡುವೆ ಸಿಗುವುದು ಬರೀ ಎರಡು ವಾರ.

ಈ ಲೆಕ್ಕ 28 ದಿನದ ಮುಟ್ಟಿನ ಸುತ್ತಿಗೆ ಸರಿಹೊಂದುತ್ತದೆ. 35–40 ದಿನಕ್ಕೊಮ್ಮೆ ಮುಟ್ಟಾಗುವವರು, ಪಿಸಿಓಡಿ ಇರುವವರು, ಎದೆಹಾಲು ಕುಡಿಸುತ್ತಿರುವಾಗಲೇ ಗರ್ಭ ಧರಿಸಿದವರು ತಾರೀಖನ್ನು ನಂಬಿ ಕೂರುವಂತಿಲ್ಲ. ಅವರಿಗೆ ಮೊದಲ ಸ್ಕ್ಯಾನಿಂಗ್ ಹೇಳುವ ದಿನವೇ ಸರಿ. ಏನೇ ಇರಲಿ, ಮುಟ್ಟಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ಬರೆದಿಡಿ. "ಹಬ್ಬದ ಹಿಂದೆಮುಂದೆ ಆಗಿತ್ತು" ಎಂಬ ನೆನಪಿನ ಮೇಲೆ ನಡೆದರೆ ಒಂಬತ್ತನೇ ತಿಂಗಳಲ್ಲಿ ದಿನ ಮೀರಿದೆಯೋ ಇಲ್ಲವೋ ಎಂಬ ಗೊಂದಲ ಹುಟ್ಟುತ್ತದೆ.

ಮನೆಯಲ್ಲೇ ಮೂತ್ರ ಪರೀಕ್ಷೆ

ಮೆಡಿಕಲ್ ಅಂಗಡಿಯಲ್ಲಿ ಪ್ರೆಗಾ ನ್ಯೂಸ್, ಐ-ಕ್ಯಾನ್ ಮೊದಲಾದ ಹೆಸರಿನ ಕಿಟ್‌ಗಳು ಸಿಗುತ್ತವೆ. ಸರ್ಕಾರದ 'ನಿಶ್ಚಯ್' ಕಿಟ್ ಆಶಾ ಕಾರ್ಯಕರ್ತೆಯರ ಮೂಲಕ ಸಿಗುತ್ತದೆ. ಎಲ್ಲವೂ ಹುಡುಕುವುದು ಒಂದನ್ನೇ, ಎಚ್‌ಸಿಜಿ ಎಂಬ ಹಾರ್ಮೋನನ್ನು. ಗರ್ಭ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡ ಮೇಲಷ್ಟೇ ಇದು ಹುಟ್ಟುತ್ತದೆ. ಆಮೇಲೆ ಹೆಚ್ಚುಕಡಿಮೆ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತ ಹೋಗುತ್ತದೆ.

ಮಾಡುವ ಕ್ರಮ ಹೀಗೆ:

1. ಮುಟ್ಟಿನ ದಿನ ದಾಟುವ ತನಕ ಕಾಯಿರಿ. ಒಂದು ವಾರ ಕಾದರೆ ಇನ್ನೂ ಖಚಿತ.
2. ಪ್ಯಾಕೆಟ್ ಮೇಲಿನ ಅವಧಿ ಮುಗಿದಿಲ್ಲವೆಂದು ನೋಡಿ. ಪ್ಯಾಕೆಟ್ ಒಡೆದ ಕೂಡಲೇ ಬಳಸಿ. ತೇವ ತಗುಲಿದರೆ ಪಟ್ಟಿ ಕೆಡುತ್ತದೆ.
3. ಬೆಳಗ್ಗೆ ಎದ್ದ ಕೂಡಲಿನ ಮೂತ್ರವನ್ನು ಒಣಗಿದ, ಸೋಪಿನ ಅಂಶವಿಲ್ಲದ ಬಟ್ಟಲಲ್ಲಿ ಹಿಡಿಯಿರಿ.
4. ಕಿಟ್ಟನ್ನು ಸಮತಟ್ಟಾದ ಜಾಗದಲ್ಲಿಟ್ಟು, ಜೊತೆಗೆ ಬಂದಿರುವ ಡ್ರಾಪರ್‌ನಿಂದ 'ಎಸ್' ಗುರುತಿನ ಗುಂಡಿಗೆ 3 ಹನಿ ಹಾಕಿ. ಹನಿಗಳ ಸಂಖ್ಯೆ ನಿಮ್ಮ ಕಿಟ್ಟಿನ ಹಾಳೆಯಲ್ಲಿ ಬೇರೆ ಇದ್ದರೆ ಅದರಂತೆಯೇ ನಡೆಯಿರಿ.
5. 5 ನಿಮಿಷಕ್ಕೆ ನೋಡಿ. 'ಸಿ'ಯಲ್ಲಿ ಮಾತ್ರ ಗೆರೆ ಬಂದರೆ ಇಲ್ಲ, 'ಸಿ' ಮತ್ತು 'ಟಿ' ಎರಡರಲ್ಲೂ ಬಂದರೆ ಹೌದು. 'ಸಿ'ಯಲ್ಲೇ ಗೆರೆ ಬರದಿದ್ದರೆ ಕಿಟ್ ಕೆಟ್ಟಿದೆ.

'ಟಿ' ಗೆರೆ ತಿಳಿಯಾಗಿದ್ದರೂ, ಬಣ್ಣವಿದ್ದರೆ ಅದು ಹೌದು ಎಂದೇ ಅರ್ಥ. ಗೆರೆ ಎಷ್ಟು ಗಾಢ ಎಂಬುದರಿಂದ ಮಗುವಿನ ಆರೋಗ್ಯ ತಿಳಿಯುವುದಿಲ್ಲ. ಆದರೆ ಅರ್ಧ ಗಂಟೆ ಬಿಟ್ಟು ಕಸದಬುಟ್ಟಿಯಿಂದ ಎತ್ತಿ ನೋಡಿದಾಗ ಕಾಣುವ ಬೂದು ಬಣ್ಣದ ಗೆರೆ ಮೂತ್ರ ಒಣಗಿದ ಗುರುತು, ಅದನ್ನು ನಂಬಬೇಡಿ. ಇಲ್ಲ ಎಂದು ಬಂದು ಮುಟ್ಟೂ ಆಗದಿದ್ದರೆ ಮೂರು ದಿನ ಬಿಟ್ಟು ಇನ್ನೊಂದು ಕಿಟ್ ಬಳಸಿ. ಬೇಗ ನೋಡಿದ್ದು, ರಾತ್ರಿ ತುಂಬ ನೀರು ಕುಡಿದು ಮೂತ್ರ ತೆಳ್ಳಗಾಗಿದ್ದು, ಅಂಡ ಬಿಡುಗಡೆಯೇ ತಡವಾಗಿದ್ದು ಇದಕ್ಕೆ ಸಾಮಾನ್ಯ ಕಾರಣಗಳು. ಮಕ್ಕಳಾಗಲು ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಿಗೆ, ಈಚೆಗೆ ಗರ್ಭ ಹೋದವರಿಗೆ ಗರ್ಭವಿಲ್ಲದೆಯೂ ಎರಡು ಗೆರೆ ಬರಬಹುದು. ಉಪ್ಪು, ಸಕ್ಕರೆ, ಟೂತ್‌ಪೇಸ್ಟ್ ಬೆರೆಸಿ ನೊರೆ ನೋಡುವ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ.

ಎರಡು ಗೆರೆ ಕಂಡ ದಿನವೇ ಮಾಡಬೇಕಾದ ಕೆಲಸ

ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ನರಕೊಳವೆ ಸರಿಯಾಗಿ ಮುಚ್ಚಲು ಈ ಜೀವಸತ್ವ ಬೇಕು. ದಿನಕ್ಕೆ 400 ಮೈಕ್ರೋಗ್ರಾಂ, 12 ವಾರ ತುಂಬುವ ತನಕ. ಮಗು ಬೇಕೆಂದು ಯೋಚಿಸಿದಾಗಲೇ ಆರಂಭಿಸಿದ್ದರೆ ಎಲ್ಲಕ್ಕಿಂತ ಒಳ್ಳೆಯದು, ಇಲ್ಲದಿದ್ದರೆ ಇವತ್ತು. ಒಂದು ಎಚ್ಚರ: ಅಂಗಡಿಯಲ್ಲಿ ಬರೀ "ಫೋಲಿಕ್ ಆಸಿಡ್ ಕೊಡಿ" ಎಂದರೆ ಹೆಚ್ಚಾಗಿ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ, ಬೇಕಾದದ್ದಕ್ಕಿಂತ 12 ಪಟ್ಟಿಗೂ ಹೆಚ್ಚು. ಈಗಾಗಲೇ ನುಂಗಿದ್ದರೆ ಮಗುವಿಗೆ ಏನೋ ಆಯಿತೆಂದು ಗಾಬರಿಯಾಗಬೇಡಿ. ಆದರೆ ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಕೊರತೆಯನ್ನು ಅದು ಮರೆಮಾಚಬಲ್ಲದು. ದೊಡ್ಡ ಪ್ರಮಾಣ ಬೇಕಾಗುವುದು ಸಕ್ಕರೆ ಕಾಯಿಲೆ ಇರುವವರಿಗೆ, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ, ಹಿಂದೆ ನರಕೊಳವೆಯ ದೋಷವಿದ್ದ ಮಗು ಆಗಿದ್ದವರಿಗೆ. ಅವರು ಡಾಕ್ಟರ ಮಾತಿನಂತೆಯೇ ತೆಗೆದುಕೊಳ್ಳಬೇಕು.

ಎರಡನೆಯದು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ನಾಟಿ ಔಷಧಿ, ಕಷಾಯದ ಪುಡಿ, ಮುಖಕ್ಕೆ ಹಚ್ಚುವ ಕ್ರೀಮು ಕೂಡ ಅದರಲ್ಲಿರಲಿ. ಇಲ್ಲಿ ಆಗುವ ತಪ್ಪು ಎರಡು ಬಗೆಯದು. ನಿಲ್ಲಿಸಬೇಕಾದದ್ದನ್ನು ಮುಂದುವರಿಸುವುದು ಒಂದು: ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಈ ವಾರಗಳಲ್ಲಿ ಮಗುವಿಗೆ ನೇರ ಅಪಾಯ, ತಡಮಾಡದೆ ಡಾಕ್ಟರನ್ನು ಕಾಣಬೇಕು. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಬದಲಾಗಬೇಕು. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ; ಬೇಕೇ ಆದರೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಸಾಕು. ಇನ್ನೊಂದು ತಪ್ಪು ಇದಕ್ಕಿಂತ ಕಡಿಮೆಯದೇನಲ್ಲ: ಗರ್ಭಿಣಿ ಎಂದು ತಿಳಿದ ಕೂಡಲೇ ಹೆದರಿ ಎಲ್ಲವನ್ನೂ ಬಿಟ್ಟುಬಿಡುವುದು. ಥೈರಾಯ್ಡ್ ಮಾತ್ರೆ ಬಿಡುವಂತಿಲ್ಲ, ಬದಲಿಗೆ ಈಗ ಪ್ರಮಾಣ ಹೆಚ್ಚೇ ಬೇಕಾಗುತ್ತದೆ. ಮೊದಲ ಕೆಲವು ವಾರ ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ಅಸ್ತಮಾ, ಮಾನಸಿಕ ಆರೋಗ್ಯದ ಔಷಧಿಗಳನ್ನೂ ನೀವಾಗಿ ನಿಲ್ಲಿಸಬೇಡಿ. ವ್ಯಾಲ್‌ಪ್ರೋಯೇಟ್ ತೆಗೆದುಕೊಳ್ಳುವವರು ಮಾತ್ರೆ ಬಿಡದೆಯೇ ಆ ವಾರದಲ್ಲೇ ನರರೋಗ ತಜ್ಞರನ್ನು ಕಂಡು ಬದಲಿ ಕೇಳಬೇಕು.

ಮೂರನೆಯದು, ಮದ್ಯ, ಬೀಡಿ ಸಿಗರೇಟು, ಗುಟ್ಕಾ, ಕಡ್ಡಿಪುಡಿ ಇವತ್ತಿಗೇ ಕೊನೆ. ಮನೆಯಲ್ಲಿ ಸೇದುವವರಿದ್ದರೆ ಅವರೂ ಹೊರಗೆ ಹೋಗಬೇಕು. ಊಟದ ಮೇಲೆ ದಿನವೂ ಎಲೆಅಡಿಕೆ ಹಾಕುವ ಅಭ್ಯಾಸವನ್ನೂ ಬಿಡುವುದು ಮೇಲು, ಅಡಿಕೆಗೂ ಮಗುವಿನ ತೂಕ ಕಡಿಮೆಯಾಗುವುದಕ್ಕೂ ನಂಟು ಕಂಡುಬಂದಿದೆ. ಗರ್ಭ ನಿಂತಿದೆ ಎಂದು ತಿಳಿಯುವ ಮೊದಲು ಒಂದೆರಡು ಸಲ ಕುಡಿದಿದ್ದರೆ ಆ ಕೊರಗನ್ನು ಹೊತ್ತು ಕೂರಬೇಡಿ, ಡಾಕ್ಟರಿಗೆ ಹೇಳಿ ಮುಂದೆ ಸಾಗಿ.

ಮತ್ತೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. "ಗಂಡು ಮಗು ಆಗಲು" ಎಂದು ಯಾರಾದರೂ ಬೇರು, ಪುಡಿ, ಭಸ್ಮ ಕೊಟ್ಟರೆ ಮುಟ್ಟಬೇಡಿ. ಮಗು ಗಂಡೋ ಹೆಣ್ಣೋ ಎಂಬುದು ಅಂಡ ಮತ್ತು ವೀರ್ಯಾಣು ಸೇರಿದ ಗಳಿಗೆಯಲ್ಲೇ, ತಂದೆಯಿಂದ ಬಂದ ವರ್ಣತಂತುವಿನಿಂದ ತೀರ್ಮಾನವಾಗಿರುತ್ತದೆ. ಅಂಥ ಪುಡಿಗಳಲ್ಲಿ ಹಾರ್ಮೋನಿನಂತೆ ವರ್ತಿಸುವ ವಸ್ತು, ಸೀಸ, ಪಾದರಸ ಇರಬಹುದು. ಅಂಗಾಂಗ ರೂಪುಗೊಳ್ಳುವ ಹೊತ್ತಿನಲ್ಲೇ ಅವು ಮಗುವನ್ನು ತಲುಪುತ್ತವೆ.

ಒಳಗೆ ಏನು ನಡೆಯುತ್ತದೆ, ಮೈಗೆ ಏನು ತಿಳಿಯುತ್ತದೆ

4ನೇ ವಾರದಲ್ಲಿ ಗರ್ಭ ಗಸಗಸೆ ಕಾಳಿನಷ್ಟಿರುತ್ತದೆ. ಗರ್ಭಕೋಶದ ಗೋಡೆಗೆ ಅದು ಊರಿಕೊಳ್ಳುವಾಗ ಕೆಲವರಿಗೆ ಒಂದೆರಡು ದಿನ ಕಂದು ಅಥವಾ ತಿಳಿಗೆಂಪು ಕಲೆ ಕಾಣಬಹುದು. ಇದನ್ನೇ "ಈ ಸಲ ಸ್ವಲ್ಪವೇ ಮುಟ್ಟಾದೆ" ಎಂದುಕೊಂಡರೆ ವಾರದ ಲೆಕ್ಕವೆಲ್ಲ ಒಂದು ತಿಂಗಳು ಹಿಂದೆ ಬೀಳುತ್ತದೆ. ಕೆಳಹೊಟ್ಟೆ ಮುಟ್ಟಿನ ಹಾಗೇ ಸಣ್ಣಗೆ ಹಿಡಿದಂತಾಗುವುದೂ ಸಹಜ.

5ನೇ ವಾರಕ್ಕೆ ಎಳ್ಳಿನಷ್ಟು, 6ಕ್ಕೆ ಹೆಸರುಕಾಳಿನಷ್ಟು. ಎದೆ ಭಾರವಾಗಿ ಮುಟ್ಟಿದರೆ ನೋಯುತ್ತದೆ. ಮಧ್ಯಾಹ್ನ ಎರಡು ಗಂಟೆಗೇ ಕಣ್ಣು ಎಳೆಯುವ ಸುಸ್ತು ಬರುತ್ತದೆ. ಇದು ಸೋಮಾರಿತನವಲ್ಲ ಎಂಬುದು ಮನೆಯವರಿಗೂ ಗೊತ್ತಿರಲಿ. ಪ್ರೊಜೆಸ್ಟರಾನ್ ಹಾರ್ಮೋನು ಏರುವುದರಿಂದ ನಿದ್ದೆ ಕವಿಯುತ್ತದೆ. ಅದೇ ಹಾರ್ಮೋನು ಕರುಳಿನ ಓಟವನ್ನೂ ನಿಧಾನ ಮಾಡುತ್ತದೆ. ಹೊಟ್ಟೆ ಉಬ್ಬರ, ಹುಳಿತೇಗು, ಮಲಬದ್ಧತೆ ಬರುವುದು ಹೀಗೆ. 7ನೇ ವಾರದಲ್ಲಿ ಕಡಲೆಕಾಳಿನಷ್ಟು, ಸುಮಾರು 10 ಮಿಲಿಮೀಟರ್. ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಉರಿ ಇಲ್ಲದಿದ್ದರೆ ಅದು ಸಹಜ. ಉರಿ, ಜ್ವರ, ಪಕ್ಕೆನೋವು ಇದ್ದರೆ ಮೂತ್ರದ ಸೋಂಕು, ಪರೀಕ್ಷೆ ಮಾಡಿಸಿ ಔಷಧಿ ತೆಗೆದುಕೊಳ್ಳಲೇಬೇಕು. 8ನೇ ವಾರಕ್ಕೆ 16 ಮಿಲಿಮೀಟರ್, ದಪ್ಪ ಅವರೆಕಾಳಿನಷ್ಟು. 12ನೇ ವಾರಕ್ಕೆ ತಲೆಯಿಂದ ಕುಂಡಿಯವರೆಗೆ 5 ಸೆಂಟಿಮೀಟರ್ ದಾಟಿರುತ್ತದೆ.

ಬಿಳಿ ಅಥವಾ ನೀರಿನಂಥ ಸ್ರಾವ ಈಗ ಹೆಚ್ಚಾಗುತ್ತದೆ. ಕೆಟ್ಟ ವಾಸನೆ, ತುರಿಕೆ, ಹಸಿರು ಹಳದಿ ಬಣ್ಣ ಇಲ್ಲದಿದ್ದರೆ ಚಿಕಿತ್ಸೆ ಬೇಡ. ಇನ್ನು, ಈ ಯಾವ ಲಕ್ಷಣವೂ ಇಲ್ಲದೆ ಆರಾಮಾಗಿ ಇರುವವರೂ ಸಾಕಷ್ಟು ಜನ. ಲಕ್ಷಣವಿಲ್ಲ ಎಂದ ಮಾತ್ರಕ್ಕೆ ಗರ್ಭ ಸರಿಯಿಲ್ಲ ಎಂದಲ್ಲ.

ವಾಂತಿ, ಸಂಕಟ: ದಿನ ಸಾಗಿಸುವ ಬಗೆ

ಸಾಮಾನ್ಯವಾಗಿ 6ನೇ ವಾರದಲ್ಲಿ ಶುರುವಾಗಿ, 9–10ನೇ ವಾರದಲ್ಲಿ ಜೋರಾಗಿ, 12ರಿಂದ 16ನೇ ವಾರದೊಳಗೆ ತಗ್ಗುತ್ತದೆ. ಬೆಳಗಿನ ವಾಂತಿ ಎಂದು ಕರೆದರೂ ದಿನದ ಯಾವ ಹೊತ್ತಿಗೂ ಬರಬಹುದು. ಬರಿಹೊಟ್ಟೆಯೇ ಇದರ ದೊಡ್ಡ ಶತ್ರು.

ಮಲಗುವ ಮುಂಚೆ ತಲೆದೆಸೆಯಲ್ಲಿ ಒಂದು ಡಬ್ಬಿ ಮಂಡಕ್ಕಿ, ರಸ್ಕು ಅಥವಾ ಹುರಿಗಡಲೆ ಇಟ್ಟುಕೊಳ್ಳಿ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಏಳಬೇಡಿ. ಮಲಗಿದಲ್ಲೇ ನಾಲ್ಕು ತುತ್ತು ಅಗಿದು, ಕಾಲು ಗಂಟೆ ಬಿಟ್ಟು ಮೆಲ್ಲಗೆ ಏಳಿ. ಆಮೇಲೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ: ಒಂದು ಇಡ್ಲಿ, ಅರ್ಧ ಬಟ್ಟಲು ಮೊಸರನ್ನ, ಅವಲಕ್ಕಿ, ಗಂಜಿಗೆ ಉಪ್ಪಿನಕಾಯಿಯ ರಸ. ಊಟದ ನಡುವೆ ನೀರು ಕುಡಿದರೆ ಹೊಟ್ಟೆ ತುಂಬಿ ಉಕ್ಕುತ್ತದೆ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರು ಹಿಡಿಸದಿದ್ದರೆ ನಿಂಬೆ ಶರಬತ್ತು, ನೀರು ಮಜ್ಜಿಗೆ, ಎಳನೀರು. ಶುಂಠಿ ಬಹಳ ಜನರಿಗೆ ಒಗ್ಗುತ್ತದೆ. ಬಿಸಿ ಅಡುಗೆಯ ಘಮಕ್ಕೇ ಹೊಟ್ಟೆ ತೊಳಸಿದರೆ ಆರಿದ ಊಟ ಮಾಡಿ. ಒಗ್ಗರಣೆ, ಈರುಳ್ಳಿ, ಮೀನು, ಕುದಿಯುವ ಅನ್ನದ ಗಂಜಿ ಇವುಗಳ ವಾಸನೆ ಎಷ್ಟೋ ಮಂದಿಗೆ ತಡೆಯಲಾಗುವುದಿಲ್ಲ. ಈ ಒಂದೂವರೆ ತಿಂಗಳು ಒಲೆಯ ಮುಂದೆ ಬೇರೆ ಯಾರಾದರೂ ನಿಲ್ಲಲಿ. ಗಂಡನೋ ಅತ್ತೆಯೋ ಮಾಡಬಹುದಾದ ಅತಿ ದೊಡ್ಡ ಉಪಕಾರ ಅದು.

"ಇಬ್ಬರಿಗಾಗಿ ತಿನ್ನು" ಎನ್ನುವ ಒತ್ತಾಯಕ್ಕೆ ಈಗ ಅರ್ಥವಿಲ್ಲ. ಮೊದಲ 12 ವಾರದಲ್ಲಿ ತೂಕ ಏರುವುದೇ ಅರ್ಧದಿಂದ 2 ಕಿಲೋ, ಕೆಲವರಿಗೆ ಅದೂ ಇಲ್ಲ. ಒಳಗಿರುವ ಮಗುವಿನ ಗಾತ್ರಕ್ಕೆ ಬೇಕಾದದ್ದು ನಿಮ್ಮ ಮೈಯಲ್ಲೇ ಇದೆ. ಈಗ ಹೊಟ್ಟೆಯಲ್ಲಿ ನಿಲ್ಲುವುದೇ ಒಳ್ಳೆಯ ಊಟ.

ಇಷ್ಟಕ್ಕೂ ತಗ್ಗದಿದ್ದರೆ ಡಾಕ್ಟರನ್ನು ಕೇಳಿ. ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವ ಸೇರಿರುವ ಮಾತ್ರೆ ಗರ್ಭಿಣಿಯರಲ್ಲಿ ದಶಕಗಳಿಂದ ಬಳಕೆಯಲ್ಲಿದೆ, ಮಗುವಿಗೆ ತೊಂದರೆಯಿಲ್ಲ. ನಿದ್ದೆ ತರಿಸುವುದರಿಂದ ರಾತ್ರಿ ಕೊಡುವುದೇ ರೂಢಿ. ನರಳಿಕೊಂಡು ಸಹಿಸಬೇಕೆಂಬ ನಿಯಮವೇನೂ ಇಲ್ಲ.

ನೀರೂ ನಿಲ್ಲುತ್ತಿಲ್ಲ, 8 ಗಂಟೆ ಕಳೆದರೂ ಮೂತ್ರ ಬಂದಿಲ್ಲ ಅಥವಾ ಕಡು ಹಳದಿಯಾಗಿದೆ, ಎದ್ದರೆ ತಲೆಸುತ್ತು, ಬಸುರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದಿದೆ (60 ಕಿಲೋ ಇದ್ದವರು 57ಕ್ಕೆ ಬಂದರೆ) ಎಂದಾದರೆ ಮನೆಮದ್ದು ಸಾಲದು. ಡ್ರಿಪ್ ಬೇಕಾಗುತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಊಟದಲ್ಲಿ ಯಾವುದು ಬೇಡ, ಯಾವುದಕ್ಕೆ ಸುಮ್ಮನೆ ಹೆದರುತ್ತೇವೆ

ಪಪ್ಪಾಯಿಯಿಂದಲೇ ಶುರು ಮಾಡೋಣ. ಕಾಯಿಯಲ್ಲಿರುವ ಹಾಲಿನಂಥ ಸೊನೆ ಗರ್ಭಕೋಶವನ್ನು ಹಿಂಡಬಹುದೆಂಬ ಅನುಮಾನವಿದೆ, ಆದ್ದರಿಂದ ಹಸಿ ಪಪ್ಪಾಯಿ, ಅರೆಹಣ್ಣು ಬೇಡ. ಚೆನ್ನಾಗಿ ಹಣ್ಣಾದದ್ದನ್ನು ಎರಡು ಹೋಳು ತಿಂದರೆ ಗರ್ಭ ಹೋಗುವುದಿಲ್ಲ. ಅನಾನಸು, ಎಳ್ಳು, ಬೆಲ್ಲ, ಮೊಟ್ಟೆ, ಹುರುಳಿ "ಉಷ್ಣ" ಎಂದು ಬಿಡಿಸುವುದಕ್ಕೆ ಪುರಾವೆಯಿಲ್ಲ. ಹೀಗೆ ಬಿಡಿಸಿದ್ದರಲ್ಲಿ ಮುಕ್ಕಾಲು ಪಾಲು ಕಬ್ಬಿಣ, ಪ್ರೋಟೀನ್, ಸುಣ್ಣದ ಅಂಶವಿರುವ ಪದಾರ್ಥಗಳೇ ಎಂಬುದು ಬೇಸರದ ಸಂಗತಿ.

ನಿಜವಾಗಿ ದೂರ ಇಡಬೇಕಾದದ್ದು ಕಾಯಿಸದ ಹಾಲು, ಅರೆಬೆಂದ ಮಾಂಸ, ಮೊಟ್ಟೆ, ತೊಳೆಯದ ಸೊಪ್ಪು, ಬೀದಿಬದಿಯಲ್ಲಿ ಕತ್ತರಿಸಿಟ್ಟ ಹಣ್ಣು. ಹಸಿ ಹಾಲಿನಲ್ಲಿರಬಹುದಾದ ರೋಗಾಣುಗಳು ಗರ್ಭವನ್ನೇ ಕೆಡಿಸಬಲ್ಲವು. ಮನೆಯ ಹಸುವಿನ ಹಾಲೂ ಕುದಿಯಲಿ. ಕೊಟ್ಟಿಗೆಯಲ್ಲಿ ಕಂದು ಹಾಕಿದ ದನದ ಮಾಸು ಮುಟ್ಟುವ ಕೆಲಸ, ಬೆಕ್ಕಿನ ಕಕ್ಕಸು ಬಳಿಯುವ ಕೆಲಸ ಬೇರೆಯವರಿಗಿರಲಿ. ಕಾಫಿ ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿದ್ದರೆ ಸಾಕು. ಅಂದರೆ ಎರಡು ಸಣ್ಣ ಲೋಟ ಫಿಲ್ಟರ್ ಕಾಫಿ, ಆ ದಿನ ಟೀ ಬೇಡ. ಊಟದ ಜೊತೆಗೇ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ, ಒಂದು ಗಂಟೆಯಾದರೂ ಬಿಡಿ.

ಬಯಕೆ ಎಂದು ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದನ್ನು ನಗೆಯಲ್ಲಿ ತೇಲಿಸಬೇಡಿ. ಬಹಳ ಸಲ ಅದು ರಕ್ತಹೀನತೆಯ ಗುರುತು. ಡಾಕ್ಟರಿಗೆ ಹೇಳಿದರೆ ಹಿಮೋಗ್ಲೋಬಿನ್ ನೋಡುತ್ತಾರೆ.

ಮೊದಲ ಭೇಟಿ ಮತ್ತು ತಾಯಿ ಕಾರ್ಡ್

ಖಾಸಗಿ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳುವವರೂ 12 ವಾರದೊಳಗೆ ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಅದು ಸೆಪ್ಟೆಂಬರ್ 2ರೊಳಗೆ. ಮೊದಲ ಹೆರಿಗೆಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ₹5,000 (ಮೊದಲು 3,000, ಹುಟ್ಟು ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಯ ನಂತರ 2,000) ಪಡೆಯಲು ಈ ದಾಖಲೆ ಬೇಕು. ಎರಡನೆಯದು ಹೆಣ್ಣಾದರೆ ₹6,000. ಅರ್ಹತೆಯ ನಿಯಮಗಳನ್ನು ಅಂಗನವಾಡಿಯಲ್ಲಿ ಕೇಳಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು, ಆಧಾರ್ ಅದಕ್ಕೆ ಜೋಡಣೆಯಾಗಿರಬೇಕು. ಹಣ ತಡವಾಗುವುದು ಹೆಚ್ಚಾಗಿ ಇಲ್ಲೇ. ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟಕ್ಕೂ ಅಂಗನವಾಡಿಯಲ್ಲೇ ಹೆಸರು ಬರೆಸಬಹುದು.

ಆ ಭೇಟಿಯಲ್ಲಿ ಬಿಪಿ, ತೂಕ, ಎತ್ತರ ನೋಡುತ್ತಾರೆ. ರಕ್ತದಲ್ಲಿ ಹಿಮೋಗ್ಲೋಬಿನ್ (11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ), ರಕ್ತದ ಗುಂಪು ಮತ್ತು ಆರ್‌ಎಚ್ (ಪಾಸಿಟಿವೋ ನೆಗೆಟಿವೋ ಎಂಬುದು), ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್, ಥೈರಾಯ್ಡ್, ಸಕ್ಕರೆ. ಮೂತ್ರದಲ್ಲಿ ಪ್ರೋಟೀನ್, ಸೋಂಕು. ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಎಂಎಲ್ ನೀರಿನಲ್ಲಿ ಕದಡಿ ಕುಡಿಸಿ, 2 ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಮಾಡಿಸಬೇಕು. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಲಸಿಕೆಯ ಮೊದಲ ಡೋಸ್ ಈಗ, ಎರಡನೆಯದು 4 ವಾರದ ಮೇಲೆ. ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಬುಡಕಟ್ಟು ಸಮುದಾಯದವರು ಸಿಕಲ್ ಸೆಲ್ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಹೆಂಡತಿಗೆ ಆ ಗುಣವಿದ್ದರೆ ಗಂಡನ ರಕ್ತವನ್ನೂ ನೋಡಬೇಕು.

ಹಿಂದಿನ ಹೆರಿಗೆ, ಸಿಸೇರಿಯನ್, ಗರ್ಭ ಹೋದದ್ದು, ತೆಗೆಸಿದ್ದು ಎಲ್ಲವನ್ನೂ ಹೇಳಿ. ಅತ್ತೆಯ ಮುಂದೆ ಹೇಳಲಾಗದ್ದಿದ್ದರೆ, ಒಬ್ಬರೇ ಮಾತಾಡಬೇಕೆಂದು ಡಾಕ್ಟರನ್ನು ಕೇಳುವುದು ನಿಮ್ಮ ಹಕ್ಕು.

ಮೊದಲ ಸ್ಕ್ಯಾನಿಂಗ್: ಅವಸರ ಬೇಡ

ನೋವು, ರಕ್ತಸ್ರಾವ ಇಲ್ಲದಿದ್ದರೆ 7ರಿಂದ 8ನೇ ವಾರ ಒಳ್ಳೆಯ ಸಮಯ. 5ನೇ ವಾರಕ್ಕೇ ಓಡಿದರೆ ಚೀಲ ಮಾತ್ರ ಕಂಡು, "ಬಡಿತ ಕಾಣುತ್ತಿಲ್ಲ" ಎಂಬ ಮಾತು ಕೇಳಿ ವಾರವಿಡೀ ಅಳುತ್ತ ಕೂರಬೇಕಾಗುತ್ತದೆ. ಬಡಿತ ಕಾಣಲು ಸುಮಾರು 6 ವಾರವಾಗಬೇಕು, ಅಂಡ ಬಿಡುಗಡೆ ತಡವಾಗಿದ್ದರೆ ಇನ್ನೂ ತಡ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ಹಂತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಅದರಿಂದ ಗರ್ಭಕ್ಕೆ ಪೆಟ್ಟಿಲ್ಲ.

"ಮಗು ಬೆಳೆದಿಲ್ಲ, ತೆಗೆಸಿಬಿಡಿ" ಎಂದರೆ ರಿಪೋರ್ಟಿನಲ್ಲಿ ಎರಡು ಅಂಕಿ ನೋಡಿ. ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಬಡಿತವಿಲ್ಲದಿದ್ದರೆ, ಇಲ್ಲವೇ ಚೀಲದ ಸರಾಸರಿ ಅಗಲ 25 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಒಳಗೆ ಭ್ರೂಣವಿಲ್ಲದಿದ್ದರೆ ಗರ್ಭ ಉಳಿದಿಲ್ಲವೆಂದು ಹೇಳಬಹುದು. ಅದಕ್ಕಿಂತ ಚಿಕ್ಕದಿದ್ದರೆ 7ರಿಂದ 14 ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ಆ ಕಾಯುವಿಕೆ ಕಷ್ಟ. ಆದರೆ ಅವಸರದಲ್ಲಿ ತೆಗೆಸಿದ್ದನ್ನು ಮರಳಿ ತರಲಾಗುವುದಿಲ್ಲ.

ಎರಡನೇ ಸ್ಕ್ಯಾನಿಂಗ್, ಮಗುವಿನ ಕತ್ತಿನ ಹಿಂದಿನ ದ್ರವದ ದಪ್ಪ ಅಳೆಯುವ, ಎನ್‌ಟಿ ಎಂದು ಕರೆಯುವುದು, 11 ವಾರದಿಂದ 13 ವಾರ 6 ದಿನದೊಳಗೇ ಆಗಬೇಕು. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 26ರಿಂದ ಸೆಪ್ಟೆಂಬರ್ 15. ಈ ಕಿಟಕಿ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ, ದಿನವನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಪ್ರತಿ ಸ್ಕ್ಯಾನಿಂಗ್‌ಗೂ ಫಾರಂ ತುಂಬಿಸಿ ಸಹಿ ಮಾಡಿಸುವುದು ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ. ಲಿಂಗ ಕೇಳುವುದೂ ಹೇಳುವುದೂ ಅಪರಾಧ.

ರಕ್ತ ಕಂಡರೆ

ಮೊದಲ ಮೂರು ತಿಂಗಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣುತ್ತದೆ. ಅವರಲ್ಲಿ ಬಹಳಷ್ಟು ಮಂದಿಗೆ ಗರ್ಭ ಉಳಿಯುತ್ತದೆ. ಬಟ್ಟೆಯಲ್ಲಿ ಕಲೆಯಷ್ಟೇ ಇದ್ದು ನೋವಿಲ್ಲದಿದ್ದರೆ ಮರುದಿನ ತೋರಿಸಿದರೂ ನಡೆಯುತ್ತದೆ. ಪ್ಯಾಡ್ ಕಟ್ಟಿ ಎಷ್ಟು ನೆನೆಯಿತೆಂದು ನೋಡಿ. ಬಣ್ಣ, ಗಡ್ಡೆ ಬಂತೇ ಎಂಬುದನ್ನು ಬರೆದಿಡಿ. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ಜ್ವರ ಅಥವಾ ಕೆಟ್ಟ ವಾಸನೆ ಇದ್ದರೆ ಕಾಯಬೇಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗರ್ಭ ಅಂಡನಾಳದಲ್ಲಿ ಕೂತಾಗ. ನೂರರಲ್ಲಿ ಒಂದೆರಡು ಗರ್ಭ ಹೀಗಾಗುತ್ತದೆ. ನಾಳ ಹಿಗ್ಗಲಾರದು, 6ರಿಂದ 8ನೇ ವಾರದ ಸುಮಾರಿಗೆ ಒಡೆದು ಹೊಟ್ಟೆಯೊಳಗೇ ರಕ್ತ ತುಂಬುತ್ತದೆ. ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು, ಅದೇ ಮೋಸಗೊಳಿಸುವುದು. ಕೆಳಹೊಟ್ಟೆಯ ಒಂದೇ ಬದಿಗೆ ಚುಚ್ಚುವ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ, ಬೆವರು, ಬಿದ್ದುಹೋಗುವಂತಾಗುವುದು: ಇವು ಕಂಡರೆ 108ಕ್ಕೆ ಕರೆ ಮಾಡಿ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಕಾಪರ್ ಟಿ ಇದ್ದೂ ಗರ್ಭ ನಿಂತವರು, ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಮುಟ್ಟು ತಪ್ಪಿದವರು, ಹಿಂದೆ ನಾಳದ ಗರ್ಭ ಆದವರು ನೋವಿಗೆ ಕಾಯದೆ 6ನೇ ವಾರದಲ್ಲೇ ಸ್ಕ್ಯಾನಿಂಗ್ ಮಾಡಿಸಬೇಕು.

ಗರ್ಭ ಹೋಗುವುದರ ಬಗ್ಗೆ. ಪರೀಕ್ಷೆಯಲ್ಲಿ ಹೌದೆಂದು ಬಂದ ನೂರು ಗರ್ಭಗಳಲ್ಲಿ 10ರಿಂದ 20 ತಾವಾಗಿ ಇಳಿದುಹೋಗುತ್ತವೆ, ಹೆಚ್ಚಿನವು 12 ವಾರದೊಳಗೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಲೆಕ್ಕ ಮೊದಲೇ ತಪ್ಪಿರುವುದು. ಬಿಂದಿಗೆ ಎತ್ತಿದ್ದು, ಬಸ್ಸಿನಲ್ಲಿ ಕುಲುಕಿದ್ದು, ಪಪ್ಪಾಯಿ ಹಣ್ಣು ತಿಂದದ್ದು, ಜಗಳ, ಗ್ರಹಣ, ಯಾವುದೂ ಕಾರಣವಲ್ಲ. ಸೊಸೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಪೂರ್ತಿ ಮಂಚ ಹಿಡಿದು ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಹಾಗೆ ಮಲಗುವುದರಿಂದ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಪ್ರೊಜೆಸ್ಟರಾನ್ ಮಾತ್ರೆ ಎಲ್ಲರಿಗೂ ಬೇಕಾಗಿಲ್ಲ. ಹಿಂದೆ ಗರ್ಭ ಹೋಗಿದ್ದು ಈಗ ರಕ್ತವೂ ಕಾಣುತ್ತಿರುವವರಿಗೆ ಪ್ರಯೋಜನ ಕಂಡುಬಂದಿದೆ. "ನನಗೆ ಇದು ಯಾಕೆ?" ಎಂದು ಕೇಳಿ ತಿಳಿದುಕೊಳ್ಳಿ. ರಕ್ತದ ಗುಂಪು ನೆಗೆಟಿವ್ ಇರುವವರು ರಕ್ತಸ್ರಾವವಾದರೆ ಅದನ್ನು ತಪ್ಪದೆ ತಿಳಿಸಿ. ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ತಿರುಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕೆಂದರೆ 72 ಗಂಟೆಯೊಳಗೆ ಆಗಬೇಕು.

ಕೆಲಸ, ಓಡಾಟ, ಮನಸ್ಸು

ನಡಿಗೆ, ಮನೆಗೆಲಸ, ಆಫೀಸು, ರಕ್ತಸ್ರಾವವಿಲ್ಲದಿದ್ದರೆ ಗಂಡನ ಜೊತೆ ಸೇರುವುದು, ಎಲ್ಲಕ್ಕೂ ಅಡ್ಡಿಯಿಲ್ಲ. ಸ್ಕೂಟರಿನಲ್ಲಿ ಭಯ ಕುಲುಕಾಟದ್ದಲ್ಲ, ಬೀಳುವುದರದ್ದು. ಕೀಟನಾಶಕ ಸಿಂಪಡಿಸಿದ ಹೊಲದ ಕೆಲಸ ಬೇಡ. ಎಕ್ಸ್‌ರೇ ಕೊಠಡಿಯಲ್ಲಿ ದುಡಿಯುವವರು ಮೇಲಿನವರಿಗೆ ಈಗಲೇ ತಿಳಿಸಲಿ.

ಸಂತೋಷದ ಸುದ್ದಿಯೇ ಆದರೂ ಅಳು, ಭಯ, ಸಿಡುಕು ಬರುತ್ತವೆ. ಎರಡು ವಾರ ಬಿಡದೆ ಮಂಕು ಕವಿದಿದ್ದರೆ, ಬದುಕೇ ಬೇಡವೆನಿಸಿದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಈ ಗರ್ಭ ಈಗ ಬೇಡ ಎನ್ನುವವರೂ ಇದ್ದಾರೆ. ಕಾನೂನಿನಂತೆ 20 ವಾರದವರೆಗೆ ಒಬ್ಬ ನೋಂದಾಯಿತ ಡಾಕ್ಟರ ಅಭಿಪ್ರಾಯ ಸಾಕು. 18 ತುಂಬಿದವರಿಗೆ ಗಂಡನ ಸಹಿ ಬೇಕಿಲ್ಲ, ಹೆಸರು ಗುಟ್ಟಾಗಿರಬೇಕು. ಮಾತ್ರೆಯಿಂದ ಆಗುವುದು 9 ವಾರದೊಳಗೆ, ಅದೂ ಸ್ಕ್ಯಾನಿಂಗ್ ಆದ ಮೇಲೆ. ಅಂಗಡಿಯಿಂದ ತಂದು ಮನೆಯಲ್ಲಿ ನುಂಗಿದವರಲ್ಲಿ ನಾಳದ ಗರ್ಭ ಇದ್ದರೆ ಜೀವಕ್ಕೇ ಸಂಚಕಾರ.

13ನೇ ವಾರಕ್ಕೆ ಕಾಲಿಟ್ಟಾಗ

ಬರೀ ಫೋಲಿಕ್ ಆಸಿಡ್ ನಿಲ್ಲಿಸಿ ಕಬ್ಬಿಣದ ಕೆಂಪು ಮಾತ್ರೆಗೆ ಬದಲಾಯಿಸಬೇಕು: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ದಿನಕ್ಕೊಂದರಂತೆ 180 ದಿನ. ಊಟವಾಗಿ ಒಂದು ಗಂಟೆಯ ಮೇಲೆ ನಿಂಬೆ ಶರಬತ್ತಿನ ಜೊತೆ ನುಂಗಿ, ಹಾಲು ಕಾಫಿಯ ಜೊತೆ ಬೇಡ. ಮಲ ಕಪ್ಪಗಾದರೆ ಹೆದರಬೇಡಿ. ಸುಣ್ಣದ ಮಾತ್ರೆ ಬೇರೆ ಹೊತ್ತಿಗಿರಲಿ, ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸೇರುವುದಿಲ್ಲ. ಜಂತುಹುಳದ ಮಾತ್ರೆ ಕೊಡುವುದೂ ಈಗಲೇ, ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವುದಿಲ್ಲ. ತಾಯಿ ಕಾರ್ಡಿನಲ್ಲಿ ಮುಂದಿನ ತಪಾಸಣೆಯ ದಿನ ಬರೆಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ 4ನೇ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೋಗುವಾಗ ಕಾರ್ಡಿನ ಜೊತೆ ಸ್ಕ್ಯಾನಿಂಗ್ ರಿಪೋರ್ಟುಗಳನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡು ಹೋಗಿ.